ಒಗೆದ ಕೋಟು

ಆಸ್ಪತ್ರೆಯವರು ಅವಳ ಬಟ್ಟೆಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನನ್ನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ನಾಲ್ಕನೆಯ ದಿನ ಅದನ್ನು ಬಿಚ್ಚಿ ಒಗೆದೆ. ನಮ್ಮದು ಲಾಂಡ್ರಿ. ಚೀಲದಲ್ಲಿ ಕೊಳೆ ಬಟ್ಟೆ ಬಂದರೆ ಒಗೆಯುವುದು ಬಿಟ್ಟು ಬೇರೇನು ಮಾಡಬಹುದೆಂದು ನನಗೆ ಹೊಳೆಯಲಿಲ್ಲ.

ಅಂಗಡಿಯಲ್ಲಿ ಹದಿನಾರು ವರ್ಷದಿಂದ ನಾನೂ ನನ್ನ ಹೆಂಡತಿಯೂ ಕೆಲಸ ಹಂಚಿಕೊಂಡಿದ್ದೆವು. ಇಸ್ತ್ರಿ ನನ್ನದು, ಕಲೆ ತೆಗೆಯುವುದೂ ಮನೆಮನೆಗೆ ತಲುಪಿಸುವುದೂ ಅವಳದು. ಶಾಯಿ, ಕಾಫಿ, ತುಕ್ಕು, ಯಾವ ಕಲೆಯಾದರೂ ಸರಿ, ಗಿರಾಕಿ ಬಾಯಿ ತೆರೆಯುವ ಮೊದಲೇ ಮೂಸಿ ನೋಡಿ ಹೇಳಿಬಿಡುತ್ತಿದ್ದಳು. ಬ್ಯಾಂಕಿನ ದೊಡ್ಡ ಮನುಷ್ಯನೊಬ್ಬ ಕಾಲರಿನ ಕೆಂಪು ತೋರಿಸಿ "ಕೆಂಪು ಶಾಯಿ ತಾಗಿದೆ" ಅಂದಾಗ, "ಈಗ ಶಾಯಿಗೂ ಸೆಂಟು ಹಾಕ್ತಾರಾ ಸಾರ್?" ಎಂದು ಕೇಳಿದ್ದಳು. ಆಮೇಲೆ ಅವನು ಬರಲಿಲ್ಲ. ಅವನ ಹೆಂಡತಿ ಬರತೊಡಗಿದಳು.

ಚೀಲದಲ್ಲಿದ್ದದ್ದು ತಿಳಿಬೂದು ಬಣ್ಣದ ಹತ್ತಿಯ ಕೋಟು. ಸ್ಕೂಟರಿನಲ್ಲಿ ಬಟ್ಟೆ ಕೊಡಲು ಹೋಗುವಾಗ ಅದನ್ನೇ ಹಾಕುತ್ತಿದ್ದಳು. ಆ ದಿನ ಹೋಟೆಲೊಂದರ ಹಾಸುಬಟ್ಟೆಗಳನ್ನು ಕೊಡಲು ಹೊರಟಿದ್ದಳು. ಸೇತುವೆ ಇಳಿಯುವಲ್ಲಿ ಲಾರಿಯೊಂದು ಅವಳನ್ನು ಹಿಂದೆ ಹಾಕಿ ಹೋಯಿತು. ಅವಳು ಬಿದ್ದಿದ್ದಳು. ತಲೆಗೆ ಪೆಟ್ಟಾಗಿತ್ತು, ಉಳಿಯಲಿಲ್ಲ. ನನಗೆ ಫೋನ್ ಬಂದಾಗ ಒಂದು ಪ್ಯಾಂಟಿನ ಎರಡನೆಯ ಕಾಲಿಗೆ ಇಸ್ತ್ರಿ ಹಾಕುತ್ತಿದ್ದೆ. ಆ ಕಾಲನ್ನು ಮುಗಿಸಿಯೇ ಹೊರಟೆ. ಯಾಕೆ ಮುಗಿಸಿದೆ ಎಂದು ಈಗಲೂ ಗೊತ್ತಿಲ್ಲ.

ಕೋಟಿನ ಕಾಲರಿನಲ್ಲಿ ರಕ್ತ ಇತ್ತು. ರಕ್ತಕ್ಕೆ ಬಿಸಿ ನೀರು ತಾಗಿಸಬಾರದು, ತಣ್ಣೀರು ಮತ್ತು ಉಪ್ಪು. ಬೆನ್ನಿನ ಮೇಲೆ, ರಸ್ತೆಯ ಕಡೆಯ ಹೆಗಲಿನಿಂದ ಕೆಳಕ್ಕೆ, ಒಂದು ಗೇಣು ಉದ್ದ ಕಪ್ಪು ಗ್ರೀಸು, ನಡುನಡುವೆ ನೀಲಿ ಬಣ್ಣ. ಗ್ರೀಸಿಗೆ ಮೊದಲು ಸೀಮೆಸುಣ್ಣದ ಪುಡಿ, ಆಮೇಲೆ ಸೀಮೆಎಣ್ಣೆ. ಬಣ್ಣಕ್ಕೆ ಥಿನ್ನರ್. ಕಲೆಯನ್ನು ಕೆಳಮುಖ ಮಾಡಿ, ಅಡಿಯಲ್ಲಿ ನಾಲ್ಕು ಮಡಿಕೆಯ ಬಿಳಿ ಬಟ್ಟೆ ಹಾಸಿ, ಹಿಂದಿನಿಂದ ಒತ್ತಬೇಕು. ಉಜ್ಜಬಾರದು. ಇದೆಲ್ಲ ಅವಳು ಮಾಡುವುದನ್ನು ಎದುರಿನ ಮೇಜಿನಿಂದ ನೋಡಿ ಗೊತ್ತು, ನನ್ನ ಕೈಯಲ್ಲಿ ಮಾಡಿ ಅಲ್ಲ. ನಾನು ಕೈ ಹಾಕಿದರೆ "ಬಿಡಿ, ಬಿಡಿ, ತೂತು ಮಾಡ್ತೀರ" ಎಂದು ಕಿತ್ತುಕೊಳ್ಳುತ್ತಿದ್ದಳು. ಆ ದಿನ ಯಾರೂ ಕಿತ್ತುಕೊಳ್ಳಲಿಲ್ಲ. ಬೆಳಿಗ್ಗೆ ಕೂತವನು ಮಧ್ಯಾಹ್ನದವರೆಗೆ ಒತ್ತಿದೆ. ಪೂರ್ತಿ ಹೋಯಿತು. ಬಿಸಿಲಿಗೆ ಹಿಡಿದು ನೋಡಿದೆ, ಕಲೆಯ ನೆರಳೂ ಉಳಿದಿರಲಿಲ್ಲ. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಕವರು ಹಾಕಿ ಕೊಂಡಿಗೆ ತೂಗುಹಾಕಿದೆ. ಜೀವಮಾನದಲ್ಲಿ ಒಂದೇ ಒಂದು ಕಲೆಯನ್ನು ಸರಿಯಾಗಿ ತೆಗೆದೆ.

ಆಮೇಲೆ ಅಂಗಡಿ ತೆರೆದಾಗ ಕಲೆಯ ಬಟ್ಟೆ ತಂದವರನ್ನೆಲ್ಲ ವಾಪಸು ಕಳಿಸಿದೆ. ಇಸ್ತ್ರಿ ಮಾತ್ರ ಅಂದೆ.

ಲಾರಿಯ ನಂಬರು ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅವಳು ಬಿದ್ದದ್ದು ಮಾತ್ರ ಅದರಲ್ಲಿ ಕಾಣುತ್ತಿರಲಿಲ್ಲ, ಲಾರಿಯೇ ಅಡ್ಡ ಬಂದಿತ್ತು. ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಓಡಾಡಿ ಒಬ್ಬ ವಕೀಲೆಯನ್ನು ಹುಡುಕಿ ಪರಿಹಾರಕ್ಕೆ ಅರ್ಜಿ ಹಾಕಿಸಿದರು. ಅದಕ್ಕೆ ಲಾರಿ ಕಂಪನಿಯ ಉತ್ತರ ಬಂತು. 'ನಮ್ಮ ಲಾರಿ ಆ ಹೆಂಗಸನ್ನು ಮುಟ್ಟಿಯೇ ಇಲ್ಲ. ಲಾರಿ ಮುಂದೆ ಹೋದ ಮೇಲೆ ಆಕೆ ತಾನಾಗಿ ಆಯ ತಪ್ಪಿ ಬಿದ್ದಿದ್ದಾಳೆ.'

ಹದಿಮೂರು ವರ್ಷದ ಮಗಳು ಅದನ್ನು ಮೇಜಿನ ಮೇಲಿಂದ ಎತ್ತಿಕೊಂಡು ಎರಡು ಸಲ ಓದಿದಳು.

"ಅಪ್ಪಾ, ಅಮ್ಮ ತಾನಾಗೇ ಬಿದ್ದಳಾ?"

"ಕಾಗದದಲ್ಲಿ ಹಾಗಿದೆ."

"ಇದನ್ನ ಯಾರು ಬರೆದಿದ್ದು?"

"ಲಾರಿಯವರು."

"ಮತ್ತೆ ನಮ್ಮ ಕಾಗದ?"

"ಕೋರ್ಟಿನವರು ಬರೀತಾರೆ. ಸಮಯ ಆಗುತ್ತೆ."

"ಬಿದ್ದಿದ್ದಲ್ಲ, ಬೀಳಿಸಿದ್ದು ಅಂತ ಬರೆಸು," ಎಂದು ಹೇಳಿ ಅವಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಇಟ್ಟಳು. ಹದಿನಾರು ವರ್ಷ ಒಂದು ಅಂಗಿಯ ಮಡಿಕೆ ಕೆಡಿಸದೆ ಊರೆಲ್ಲ ಸುತ್ತಿದವಳು ಅವರಮ್ಮ. ನನಗೆ ಕೋರ್ಟಿನಿಂದ ಬೇಕಾದದ್ದೂ ಮಗಳು ಹೇಳಿದ ಆ ಒಂದು ಮಾತೇ ಆಯಿತು. ಉಳಿದದ್ದನ್ನು ಭಾವ ನೋಡಿಕೊಳ್ಳುತ್ತಿದ್ದರು.

ವಕೀಲೆಯ ಆಫೀಸು ಒಂದು ಔಷಧಿ ಅಂಗಡಿಯ ಮೇಲಿತ್ತು. ಕುರ್ಚಿಗಳ ಮೇಲೆಲ್ಲ ಫೈಲು. ಒಂದನ್ನು ತೆರವು ಮಾಡಿ ಕೂರಿಸಿದರು.

"ಅವರ ಮೈಮೇಲಿದ್ದ ಬಟ್ಟೆ ಎಲ್ಲಿದೆ? ಪೊಲೀಸ್ ಪಟ್ಟಿಯಲ್ಲಿಲ್ಲ."

"ನಮ್ಮ ಅಂಗಡೀಲಿದೆ ಮೇಡಂ."

"ಸದ್ಯ. ಲಾರಿ ಉಜ್ಜಿದ್ರೆ ಅದರಲ್ಲಿ ಗುರುತು ಇರುತ್ತೆ. ಮುಟ್ಟಬೇಡಿ, ಹೇಗಿದೆಯೋ ಹಾಗೇ ತನ್ನಿ."

"ಇತ್ತು."

"ಇತ್ತು ಅಂದ್ರೆ?"

"ಬೆನ್ನ ಮೇಲೆ ಗ್ರೀಸಿತ್ತು. ನೀಲಿ ಪೇಂಟೂ ಇತ್ತು. ತೆಗೆದುಬಿಟ್ಟೆ."

ಅವರು ಫೈಲು ತೆರೆದರು. ಲಾರಿಯ ಬಣ್ಣ ನೀಲಿ ಎಂದು ಫೈಲಿನಲ್ಲಿ ಬರೆದಿತ್ತು. "ಎಷ್ಟು ತೆಗೆದ್ರಿ?"

"ಎಲ್ಲಾ. ಚೆನ್ನಾಗಿ ಬಂತು ಮೇಡಂ."

"ಚೆನ್ನಾಗಿ ಬಂತಾ," ಅಂದರು. ಪೆನ್ನಿನ ಮುಚ್ಚಳ ಹಾಕಿದರು. ಪಕ್ಕದಲ್ಲಿದ್ದ ಭಾವ ಹಣೆ ಒತ್ತಿಕೊಂಡು "ಇವರು ಮನೆಗೆ ಬೆಂಕಿ ಬಿದ್ರೂ ಮೊದಲು ಪರದೆ ಒಗೀತಾರೆ ಮೇಡಂ" ಎಂದರು. ಬೈಗುಳವೋ ಸಮಾಧಾನವೋ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಭಾವ ಅಂಗಡಿಗೆ ಬಂದು ಶಟರನ್ನು ಅರ್ಧ ಎಳೆದರು. ಅವರದು ಗ್ಯಾರೇಜು. ಕೈಯಲ್ಲಿ ಒಂದು ಗ್ರೀಸಿನ ಡಬ್ಬಿ, ಜೇಬಿನಲ್ಲಿ ನೀಲಿ ಪೇಂಟಿನ ಸಣ್ಣ ಬಾಟಲಿ.

"ಆ ತರದ ಲಾರಿಗೆ ಹಾಕೋ ಗ್ರೀಸು ಇದೇ. ನೀಲಿಯೂ ಅದೇ ನೀಲಿ, ವಿಚಾರಿಸಿ ತಂದಿದೀನಿ. ಕೋಟು ತೆಗೀರಿ ಭಾವ."

ನಾನು ಕೊಂಡಿಯಲ್ಲಿದ್ದ ಕವರಿನ ಕಡೆ ನೋಡಿದೆ.

"ಏನು ಯೋಚನೆ? ಇದ್ದಿದ್ದನ್ನ ಇದ್ದ ಜಾಗದಲ್ಲೇ ಹಾಕ್ತೀವಿ. ಇದರಲ್ಲಿ ಸುಳ್ಳು ಎಲ್ಲಿ ಬಂತು? ಇತ್ತೋ ಇಲ್ವೋ ಹೇಳಿ."

"ಇತ್ತು."

"ಎಲ್ಲಿತ್ತು ಅಂತ ಗೊತ್ತಲ್ಲ?"

"ಗೊತ್ತು."

"ಮತ್ತೆ? ತೆಗೆಯೋದೇ ಬರುತ್ತಂತೆ, ಹಾಕೋದು ಯಾವ ದೊಡ್ಡ ವಿದ್ಯೆ?"

ನಾನು ಬೇಡ ಅನ್ನಲಿಲ್ಲ. ಬೇಡ ಅನ್ನಬೇಕೆಂದು ಅನಿಸಲೂ ಇಲ್ಲ. ಆ ದಿನಗಳಲ್ಲಿ ಯಾರಾದರೂ ಕೂತುಕೋ ಅಂದರೆ ಕೂರುತ್ತಿದ್ದೆ, ಉಣ್ಣು ಅಂದರೆ ಉಣ್ಣುತ್ತಿದ್ದೆ. ಕವರು ಬಿಚ್ಚಿ ಕೋಟನ್ನು ಅವಳ ಮೇಜಿನ ಮೇಲೆ ಬೋರಲು ಹಾಸಿದೆ. ಡಬ್ಬಿಯ ಮುಚ್ಚಳ ತೆಗೆದೆ. ಅಡಿಯಲ್ಲಿ ಏನೂ ಹಾಸಿಲ್ಲವಲ್ಲ ಎಂದು ನೆನಪಾಗಿ, ಮೇಜಿನ ಕೆಳಗಿನ ಹಲಗೆಯಿಂದ ಆ ಬಿಳಿ ಬಟ್ಟೆಯನ್ನು ಎಳೆದೆ.

ಆ ಬಟ್ಟೆಗಳನ್ನು ವಾರಕ್ಕೊಮ್ಮೆ ಸೋಡಾ ಹಾಕಿ ಕುದಿಸುತ್ತಿದ್ದವಳು ಅವಳು. ಅವಳು ಹೋದಮೇಲೆ ಯಾರೂ ಕುದಿಸಿರಲಿಲ್ಲ. ಮೇಲಿನ ಮಡಿಕೆಯಲ್ಲಿ ಒಂದು ಗೇಣು ಉದ್ದದ ಕಪ್ಪು ಪಟ್ಟಿ ಇತ್ತು. ಅದರೊಳಗೆ ಒಂದೇ ಸಾಲಿನಲ್ಲಿ ಮೂರು ದುಂಡು ಗುರುತು, ಪ್ರತಿಯೊಂದರ ಅಂಚಿಗೂ ನೀಲಿ. ಒತ್ತುವಾಗ ಕೆಳಗಿನ ಬಟ್ಟೆಯನ್ನು ಆಗಾಗ ಸರಿಸುತ್ತ ಚೊಕ್ಕ ಜಾಗ ಕೊಡಬೇಕು. ಹೊಸದರಲ್ಲಿ ಅದಕ್ಕೇ ಎಷ್ಟು ಸಲ ಬೈಸಿಕೊಂಡಿದ್ದೆ, 'ಸರಿಸಿ, ಸರಿಸಿ, ತೆಗೆದಿದ್ದನ್ನೇ ಮತ್ತೆ ಹಚ್ಚಬೇಡಿ' ಎಂದು. ಅವತ್ತೂ ಮರೆತಿದ್ದೆ. ಕಲೆ ಕೋಟಿನಿಂದ ಇಳಿದು ಹಾಗೆಹಾಗೆಯೇ ಇಲ್ಲಿ ಕೂತಿತ್ತು.

ಭಾವ ಬಗ್ಗಿದರು. ಬೆರಳಿನಿಂದ ಅಳೆದರು. ಇನ್ನೊಮ್ಮೆ ಅಳೆದರು.

"ಇದು ಬೋಲ್ಟಿನ ತಲೆ," ಅಂದರು. "ಲಾರಿ ಪಕ್ಕದಲ್ಲಿ, ಚಕ್ರಕ್ಕೆ ಅಡ್ಡ ಒಂದು ಕಂಬಿ ಇರುತ್ತೆ. ಅದನ್ನ ಹಿಡಿಯೋ ಬೋಲ್ಟು." ಅವರ ಧ್ವನಿ ಸಣ್ಣಗಾಯಿತು. "ಬೆನ್ನಿಗೇ ತಾಗಿದೆ ಭಾವ. ಪಾಪಿಗಳು ಬೆನ್ನಿಗೇ ತಾಗಿಸಿದಾರೆ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅದಕ್ಕೆ ಬೆರಳು ಹಾಕಿರಲಿಲ್ಲ.

ವಕೀಲೆ ಬಟ್ಟೆಯನ್ನು ನೋಡಿ ಮೊದಲ ಸಲ ನಕ್ಕರು. ಹೇಗೆ ಸಿಕ್ಕಿತು ಎಂದು ಕೇಳಿದರು. ಮೇಜಿನ ಕೆಳಗೆ ಇತ್ತು ಅಂದೆ. ಡಬ್ಬಿಯ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನನ್ನನ್ನು ವಿಚಾರಣೆಗೆ ಕರೆಯುವ ಹೊತ್ತಿಗೆ ಅವಳು ಹೋಗಿ ಹನ್ನೊಂದು ತಿಂಗಳಾಗಿತ್ತು. ಸಣ್ಣ ಕೋಣೆ. ಒಂದು ಫ್ಯಾನು ತಿರುಗುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಬಿಳಿ ಬಟ್ಟೆಗೆ ನಂಬರಿನ ಚೀಟಿ ಕಟ್ಟಿ ಮೇಜಿನ ಮೇಲಿಟ್ಟಿದ್ದರು. ನನ್ನಿಂದ ಕೈ ಎತ್ತಿಸಿ ಪ್ರಮಾಣ ಮಾಡಿಸಿದರು. ಲಾರಿಯ ವಿಮೆ ಕಂಪನಿಯ ವಕೀಲರು ಎದ್ದು, ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿದರು.

"ಇದರಲ್ಲಿ ಕಾಫಿ ಇದೆ, ಶಾಯಿ ಇದೆ, ಇನ್ನೂ ಏನೇನೋ ಇದೆ. ಊರಿನ ಕೊಳೆಯೆಲ್ಲ ಇಲ್ಲೇ ಇದೆ. ಇದನ್ನ ಸಾಕ್ಷಿ ಅಂತೀರಾ?"

"ಕಾಫಿ ಹಳೇದು ಸ್ವಾಮಿ. ಗ್ರೀಸು ಅದರ ಮೇಲೆ ಬಂದಿದೆ."

"ಓ, ನೀವು ಕಲೆ ತಜ್ಞರು!"

"ಅಲ್ಲ ಸ್ವಾಮಿ. ನಾನು ಇಸ್ತ್ರಿಯವನು. ಕಲೆ ಅವಳು ನೋಡ್ತಿದ್ದಳು."

ಅವರ ಅಂಗಿಯ ತೋಳಿನ ತುದಿಯಲ್ಲಿ ಬಾಲ್‌ಪೆನ್ನಿನ ಗೀರು ಇತ್ತು. ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ನಿಮ್ಮ ಹೆಂಡತಿ ಅಣ್ಣ ಏನು ಮಾಡ್ತಾರೆ?"

"ಗ್ಯಾರೇಜಿದೆ."

"ಅಲ್ಲಿ ಗ್ರೀಸು ಇರುತ್ತಾ?"

"ಗ್ಯಾರೇಜಲ್ಲಿ ಗ್ರೀಸು ಇಲ್ದೆ ಇರುತ್ತಾ ಸ್ವಾಮಿ?"

"ಅವರು ಯಾವತ್ತಾದ್ರೂ ನಿಮ್ಮ ಅಂಗಡಿಗೆ ಗ್ರೀಸು ತಂದಿದ್ರಾ?"

ಹಿಂದಿನ ಬೆಂಚಿನಲ್ಲಿ ಭಾವ ಕೆಮ್ಮಿದರು. ಅವರು ಯಾವುದಕ್ಕೆ ಕೆಮ್ಮಿದರೆಂದು ನನಗೆ ಗೊತ್ತಾಯಿತು. ಇಲ್ಲ ಅಂದರೆ ಮುಗಿಯುತ್ತಿತ್ತು. ಅಂಗಡಿಯ ಶಟರು ಅರ್ಧ ಎಳೆದಿತ್ತು, ನೋಡಿದವರಿಲ್ಲ. ಆದರೆ ಬೀಳಿಸಿದ್ದು ಅಂತ ಬರೆಸು ಎಂದಿದ್ದಳು ಮಗಳು. ನಾನು ಒಂದು ಸುಳ್ಳು ಸೇರಿಸಿದರೆ ಆ ಬರಹದ ಅಡಿಯಲ್ಲಿ ಅದು ಹಾಗೇ ಇರುತ್ತದೆ, ಯಾರಿಗೂ ಕಾಣದಿದ್ದರೂ ನನಗೆ ಕಾಣುತ್ತದೆ.

"ತಂದಿದ್ರು," ಅಂದೆ.

"ಯಾಕೆ?"

"ಕೋಟಿನ ಮೇಲೆ ಮತ್ತೆ ಕಲೆ ಹಾಕೋಕೆ."

ಟೈಪ್ ಮಾಡುತ್ತಿದ್ದವರ ಕೈ ನಿಂತಿತು. "ಹಾಕೋಕೆ ಅಂತಾನೇ ಹೊಡೀಲಾ ಸ್ವಾಮಿ?" ಎಂದು ನ್ಯಾಯಾಧೀಶರನ್ನು ಕೇಳಿದರು.

"ಅವರು ಹೇಳಿದ್ದನ್ನೇ ಹೊಡೀರಿ," ಅಂದರು ನ್ಯಾಯಾಧೀಶರು. ನನ್ನ ಕಡೆ ತಿರುಗಿದರು. "ಹಾಕಿದ್ರಾ?"

"ಇಲ್ಲ ಸ್ವಾಮಿ. ಹಾಕೋ ಮುಂಚೆ ಕೆಳಗೆ ಹಾಸೋಕೆ ಬಟ್ಟೆ ತೆಗೆದೆ. ಅದರಲ್ಲಿ ಇದು ಸಿಕ್ತು."

ವಿಮೆಯ ವಕೀಲರು ನಕ್ಕರು. "ಕಲೆ ಹಾಕೋಕೂ ಕೆಳಗೆ ಬಟ್ಟೆ ಹಾಸ್ತೀರಾ?"

"ಮೇಜಿಗೆ ತಾಗುತ್ತಲ್ಲ ಸ್ವಾಮಿ."

ಯಾರೋ ಹಿಂದೆ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಡಬ್ಬಿ ಇನ್ನೂ ಇದೆಯೇ ಎಂದು ಕೇಳಿದರು. ಇದೆ, ಹಾಗೇ ಇದೆ ಅಂದೆ. ಅದನ್ನೂ ತರಿಸಿ, ಬಟ್ಟೆಯೊಂದಿಗೆ ಪರೀಕ್ಷೆಗೆ ಕಳಿಸಬೇಕು, ಲಾರಿಯ ಕಂಬಿಯ ಬೋಲ್ಟುಗಳನ್ನು ಅಳೆಯಿಸಬೇಕು ಎಂದು ಬರೆಸಿದರು.

ಹೊರಗೆ ಬಂದಮೇಲೆ ವಕೀಲೆ ನನ್ನೊಂದಿಗೆ ಮಾತಾಡದೆ ಮೆಟ್ಟಿಲಿಳಿದು ಹೋದರು. ಭಾವ ಹದಿನಾರು ವರ್ಷದಲ್ಲಿ ಮೊದಲ ಸಲ ಏಕವಚನಕ್ಕೆ ಇಳಿದರು.

"ಹರಿಶ್ಚಂದ್ರ ಆಗೋಕೆ ನಿಂಗೆ ಇವತ್ತೇ ಬೇಕಿತ್ತಾ? ಸತ್ತಿದ್ದು ನನ್ನ ತಂಗಿ ಕಣೋ!"

"ಗೊತ್ತು ಭಾವ."

"ಏನು ಗೊತ್ತು ನಿಂಗೆ? ಇಸ್ತ್ರಿ ಪೆಟ್ಟಿಗೆ ತರ ನಿಂತಿದೀಯ. ಅದಾದ್ರೂ ಬಿಸಿ ಆಗುತ್ತೆ."

ನಾನು ಅಲ್ಲಿದ್ದ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಅವರು ತಮ್ಮ ಕರವಸ್ತ್ರ ಕೊಟ್ಟರು. ಬೈಯುತ್ತಲೇ ಕೊಟ್ಟರು.

ಮತ್ತೆ ಐದು ತಿಂಗಳಿಗೆ ತೀರ್ಪು ಬಂತು. ಬೋಲ್ಟುಗಳ ನಡುವಿನ ಅಂತರವೂ ಬಟ್ಟೆಯ ಗುರುತಿನ ಅಂತರವೂ ಒಂದೇ. ಬಟ್ಟೆಯ ಗ್ರೀಸಿನಲ್ಲಿ ರಸ್ತೆಯ ಧೂಳಿದೆ, ಹಳೆಯದು. ಡಬ್ಬಿಯದು ಹೊಸದು, ಬೇರೆ. ಲಾರಿ ಹಿಂದಿನಿಂದ ತಾಗಿ ಆಕೆಯನ್ನು ಬೀಳಿಸಿದೆ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಪ್ಯಾರಾ ಇತ್ತು. ಬಂಕಿನ ಕ್ಯಾಮೆರಾದ ಚಿತ್ರದಲ್ಲಿ ಬಟ್ಟೆಯ ಮೂಟೆ ಸ್ಕೂಟರಿನ ಅಗಲ ಮೀರಿ ರಸ್ತೆಯ ಕಡೆಗೆ ಚಾಚಿಕೊಂಡಿದೆ. ಆದ್ದರಿಂದ ತಪ್ಪಿನ ಐದರಲ್ಲಿ ನಾಲ್ಕು ಭಾಗ ಲಾರಿಯದು, ಒಂದು ಭಾಗ ಮೃತಳದು.

ವಕೀಲೆಗೆ ಖುಷಿಯಾಗಿತ್ತು. "ಡಬ್ಬಿ ವಿಷಯ ಬಾಯಿಬಿಟ್ಟ ದಿನ ನನಗೆ ಒಂದು ಭಾಗ ಸಿಗೋ ನಂಬಿಕೆಯೂ ಇರಲಿಲ್ಲ. ಅದನ್ನ ಹೇಳಿದ್ದಕ್ಕೇ ಮಿಕ್ಕಿದ್ದನ್ನೂ ನಂಬಿದಾರೆ."

"ಮೇಡಂ, ಆ ಮೂಟೆ ಕಟ್ಟಿದ್ದು ನಾನು."

"ಗಾಡಿ ಓಡಿಸಿದ್ದು ಅವರು. ಕಾನೂನು ಓಡಿಸಿದವರನ್ನ ಕೇಳುತ್ತೆ."

"ಕಟ್ಟಿದ್ದು ನಾನು ಅಂತ ಸೇರಿಸೋಕೆ ಆಗಲ್ವಾ?"

"ಸೇರಿಸಿದ್ರೆ ಏನು ಸಿಗುತ್ತೆ ನಿಮಗೆ?"

ಏನು ಸಿಗುತ್ತದೆಂದು ನನಗೂ ಗೊತ್ತಿರಲಿಲ್ಲ. ತೀರ್ಪಿನ ಪ್ರತಿ ಹಿಡಿದು ಅಂಗಡಿಗೆ ಬಂದೆ.

ಮಗಳು ಶಾಲೆಯಿಂದ ಬಂದು ದಿಂಬಿನ ಕವರುಗಳನ್ನು ಮಡಿಸುತ್ತಿದ್ದಳು. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ನಿಂತಲ್ಲೇ ಓದಿದಳು. 'ಬೀಳಿಸಿದೆ' ಎಂಬ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ನಾನು ತಲೆಯಾಡಿಸಿದೆ. ಆಮೇಲೆ ಬೆರಳು ಕೆಳಗೆ ಇಳಿಯಿತು.

"ಒಂದು ಭಾಗ ಅಮ್ಮಂದಾ?"

"ಅಮ್ಮಂದಲ್ಲ ಪುಟ್ಟಿ. ಅವಳು ಎರಡು ಮೂಟೆ ಮಾಡೋಣ, ಎರಡು ಸಲ ಹೋಗ್ತೀನಿ ಅಂದಳು. ಹೋಟೆಲಿಂದ ಫೋನ್ ಮೇಲೆ ಫೋನ್ ಬರ್ತಿತ್ತು. ಒಂದೇ ಸಾಕು ಅಂತ ನಾನೇ ಕಟ್ಟಿದೆ. ಆ ಒಂದು ಭಾಗ ನಂದು."

ಇದನ್ನು ಹದಿನಾರು ತಿಂಗಳಲ್ಲಿ ವಕೀಲೆಯನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದಮೇಲೂ ಏನೂ ಆಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯುತ್ತಿತ್ತು. ಅವಳು ಒಂದು ಕವರಿನ ಮೂಲೆಗೆ ಮೂಲೆ ಸೇರಿಸಿದಳು, ಮತ್ತೆ ಬಿಚ್ಚಿದಳು.

"ಅಪ್ಪಾ, ಗಂಟು ಹಾಕೋವಾಗ ಬೆರಳು ಒತ್ತಿ ಹಿಡಿದಿದ್ದು ನಾನಲ್ವಾ?"

ಹೌದು, ಅವಳೇ. ಸಮವಸ್ತ್ರ ಹಾಕಿದ್ದಳು, ಒಂದು ಕಾಲಿಗೆ ಮಾತ್ರ ಶೂ. ನಾನು ಹಗ್ಗ ಎಳೆದು 'ಇಲ್ಲಿ ಹಿಡಿ' ಅಂದಿದ್ದೆ. ಅವಳು ತೋರುಬೆರಳು ಇಟ್ಟು, ಗಂಟು ಬಿಗಿಯುವ ಹೊತ್ತಿಗೆ ಸರಕ್ಕನೆ ಎಳೆದುಕೊಂಡು, 'ನೀನು ನನ್ನ ಬೆರಳನ್ನೂ ಡೆಲಿವರಿ ಮಾಡಿಬಿಡ್ತಿದ್ದೆ' ಎಂದು ನಕ್ಕಿದ್ದಳು. ಅವರಮ್ಮ ಬಾಗಿಲಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಕ್ಕಿದ್ದಳು.

"ಇಲ್ಲ," ಅಂದೆ. "ಅವತ್ತು ನೀನು ಆಗಲೇ ಸ್ಕೂಲಿಗೆ ಹೋಗಿದ್ದೆ. ನೀನು ಹಿಡಿದಿದ್ದು ಹಿಂದಿನ ದಿನ."

"ಹಿಂದಿನ ದಿನಾನಾ?"

"ಹೂಂ."

"ಒಂದೇ ಶೂ ಹಾಕಿದ್ದೆ ಅಂತ ನೆನಪು."

"ಅದೂ ಹಿಂದಿನ ದಿನವೇ."

ಅವಳು ಲೆಕ್ಕ ಹಾಕುವುದು ಕಾಣಿಸಿತು. "ಅವತ್ತು ಸೋಮವಾರ ಅಲ್ವಾ ಅಪ್ಪಾ? ಹಿಂದಿನ ದಿನ ಭಾನುವಾರ. ನಾನು ಶೂ ಯಾಕೆ ಹಾಕ್ಲಿ?"

ಕೋರ್ಟಿನಲ್ಲಿ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟು ಹೊತ್ತು ಹಿಡಿದಿರಲಿಲ್ಲ.

"ಹಾಗಾದ್ರೆ ಶನಿವಾರ ಇರಬೇಕು," ಅಂದೆ.

ಅವಳು ನನ್ನ ಮುಖ ನೋಡಿದಳು. ಅವರಮ್ಮ ಅಂಗಿಯ ಕಾಲರು ನೋಡುತ್ತಿದ್ದ ಹಾಗೆ ನೋಡಿದಳು. ನಾನು ಒದ್ದೆ ಬೆರಳಿನಿಂದ ಇಸ್ತ್ರಿಯ ಬಿಸಿ ನೋಡಿದೆ, ಒಂದು ಅಂಗಿ ಎಳೆದುಕೊಂಡೆ.

"ಇರಬೇಕು," ಎಂದು ಹೇಳಿ, ಅವಳು ಮುಂದಿನ ಕವರು ತೆಗೆದುಕೊಂಡಳು.